ಮಾರ್ಟಿನ್ ಗ್ಯಾರಿಕ್ಸ್ 17ನೇ ವಯಸ್ಸಿಗೆ ಗೆದ್ದದ್ದು ಹೇಗೆ?

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಎರಡು ವರ್ಷಗಳಿಂದ ಲ್ಯಾಪ್‌ಟಾಪಿನಲ್ಲಿ ಡ್ಯಾನ್ಸ್ ಮ್ಯೂಸಿಕ್ ಮಾಡುತ್ತಾನೆ. ನೆದರ್ಲೆಂಡ್ಸ್‌ನ ಮಾರ್ಟಿನ್ ಗ್ಯಾರಿಕ್ಸ್ ಎಂಬ ಹುಡುಗ ಇದೇ ವಯಸ್ಸಿನಲ್ಲಿ ಮನೆಯ ಕೋಣೆಯಲ್ಲಿ ಕುಳಿತು ಮಾಡಿದ ಒಂದೇ ಹಾಡಿನಿಂದ ಜಗತ್ಪ್ರಸಿದ್ಧನಾದ, ಅವನೇನು ಕಾಲೇಜಿಗೆ ಹೋಗಿ ಕಲಿತನೇ ಎಂದು ವಾದಿಸುತ್ತಾನೆ. ಓದು ನಿಲ್ಲಿಸುವ ಮಾತೂ ಆಡುತ್ತಿದ್ದಾನೆ. ಈಗ ಒಂದು ಸಂಗೀತ ಕಂಪನಿಯವರು ಅವನ ಮೂರು ಟ್ರ್ಯಾಕ್‌ಗಳಿಗಾಗಿ ಒಪ್ಪಂದದ ಕರಡನ್ನು ಇ-ಮೇಲ್ ಮಾಡಿದ್ದಾರೆ. ಆ ಗ್ಯಾರಿಕ್ಸ್ ಕಥೆ ನಿಜವೇ? ಅದರಿಂದ ನಾವು ಏನನ್ನು ತಿಳಿದುಕೊಳ್ಳಬೇಕು?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ನಿಮ್ಮ ಮಗ ಹೇಳುತ್ತಿರುವ ಕಥೆಯ ಹೊರಮೈ ನಿಜ. ಮಾರ್ಟಿನ್ ಗ್ಯಾರಿಕ್ಸ್ ಹುಟ್ಟಿದ್ದು 1996ರ ಮೇ 14ರಂದು. ‘ಅನಿಮಲ್ಸ್’ ಎಂಬ ಅವರ ಟ್ರ್ಯಾಕ್ 2013ರ ಜೂನ್‌ನಲ್ಲಿ ಹೊರಬಂದಾಗ ಅವರಿಗೆ 17 ತುಂಬಿ ಒಂದು ತಿಂಗಳಾಗಿತ್ತಷ್ಟೆ. ಅದೇ ವರ್ಷದ ನವೆಂಬರ್‌ನಲ್ಲಿ ಅದು ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆದರೆ ‘ಕಾಲೇಜಿಗೆ ಹೋಗಿ ಕಲಿಯಲಿಲ್ಲ’ ಎಂಬುದು ತಪ್ಪು; ಅವರು ಕಲಿಯುತ್ತಿದ್ದದ್ದೇ ಈ ವಿದ್ಯೆಯನ್ನು, ಅದೂ ಇದಕ್ಕೆಂದೇ ಇದ್ದ ಶಾಲೆಯಲ್ಲಿ. ‘ಒಂದೇ ಹಾಡು’ ಎಂಬುದು ಅರ್ಧ ಸತ್ಯ. ಇನ್ನು ನಿಮ್ಮ ಮಗನಿಗೆ ಬಹುಶಃ ಯಾರೂ ಹೇಳಿರದ ಸಂಗತಿಯೊಂದಿದೆ: ಆ ಹಾಡನ್ನು ಜಗತ್ತಿಗೆ ಮುಟ್ಟಿಸಿದ ಕಂಪನಿಯನ್ನು ಗ್ಯಾರಿಕ್ಸ್ ಎರಡೇ ವರ್ಷದಲ್ಲಿ ತೊರೆದು ನ್ಯಾಯಾಲಯದ ಮೆಟ್ಟಿಲೇರಿದರು. ನಿಮ್ಮ ಕೈಯಲ್ಲಿ ಈಗ ಒಂದು ಒಪ್ಪಂದದ ಕರಡು ಇರುವುದರಿಂದ, ಈ ಕಥೆಯಲ್ಲಿ ನೀವು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಅದನ್ನೇ. ವಯಸ್ಸಿನ ಮಾತು ಎಲ್ಲರ ಕಣ್ಣಿಗೆ ಬೀಳುತ್ತದೆ. ನನ್ನ ಮಟ್ಟಿಗೆ ಅದು ಈ ಕಥೆಯ ಅತ್ಯಂತ ಸಣ್ಣ ಅಂಶ.

ಅವರ ಪೂರ್ಣ ಹೆಸರು ಮಾರ್ಟೈನ್ ಗೆರಾರ್ಡ್ ಗ್ಯಾರಿಟ್ಸನ್. ಆ ಕೊನೆಯ ಹೆಸರನ್ನೇ ಸ್ವಲ್ಪ ತಿರುಗಿಸಿಕೊಂಡದ್ದು ‘ಗ್ಯಾರಿಕ್ಸ್’. ಊರು ಆಮ್ಸ್ಟರ್‌ಡ್ಯಾಮಿಗೆ ದಕ್ಷಿಣದಲ್ಲಿ ಅಂಟಿಕೊಂಡಿರುವ ಆಮ್‌ಸ್ಟೆಲ್‌ವೇನ್; ಇಂದು ಐಟಿ ಕೆಲಸಕ್ಕೆಂದು ಹೋದ ಭಾರತೀಯ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಊರು ಅದು. ಎಂಟನೇ ವಯಸ್ಸಿಗೆ ಅವರ ಕೈಗೆ ಬಂದದ್ದು ಗಿಟಾರ್. ಅದೇ ವರ್ಷ, ಅಂದರೆ 2004ರಲ್ಲಿ, ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯ ದಿನ ದೇಶ ದೇಶಗಳ ಕ್ರೀಡಾಪಟುಗಳು ಮೆರವಣಿಗೆಯಲ್ಲಿ ನಡೆಯುತ್ತಿದ್ದಾಗ ಟಿಯೆಸ್ಟೊ ಎಂಬ ಡಚ್ ಡಿಜೆ ಕ್ರೀಡಾಂಗಣದಲ್ಲಿ ನೇರವಾಗಿ ಸಂಗೀತ ನುಡಿಸಿದರು. ಅದನ್ನು ಕಂಡ ಹುಡುಗ ತಾನೂ ಡಿಜೆ ಆಗಬೇಕೆಂದು ಹಟ ಹಿಡಿದ. ಗಮನಿಸಿ: ತನ್ನದೇ ದೇಶದ, ತನ್ನದೇ ಭಾಷೆಯ ಒಬ್ಬ ಮನುಷ್ಯ, ಜಗತ್ತಿನ ಅತಿ ದೊಡ್ಡ ವೇದಿಕೆಯ ಮೇಲೆ, ಇದನ್ನೊಂದು ಗೌರವದ ಕಸುಬೆಂಬಂತೆ ಮಾಡುತ್ತಿದ್ದದ್ದನ್ನು ಆ ಹುಡುಗ ಎಂಟನೇ ವಯಸ್ಸಿನಲ್ಲಿ ನೋಡಿದ. ಹದಿನಾಲ್ಕು ವರ್ಷಗಳ ನಂತರ, 2018ರ ಫೆಬ್ರವರಿಯಲ್ಲಿ, ದಕ್ಷಿಣ ಕೊರಿಯಾದ ಪ್ಯಾಂಗ್‌ಚಾಂಗ್‌ನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನ ಸಮಾರೋಪದಲ್ಲಿ ನುಡಿಸಿದವರು ಗ್ಯಾರಿಕ್ಸ್ ಅವರೇ.

2004ಕ್ಕೂ 2013ಕ್ಕೂ ನಡುವೆ ಒಂಬತ್ತು ವರ್ಷಗಳಿವೆ. ಆ ವರ್ಷಗಳ ಬಗ್ಗೆ ಯಾರೂ ವಿಡಿಯೊ ಮಾಡುವುದಿಲ್ಲ, ಏಕೆಂದರೆ ಅವುಗಳಲ್ಲಿ ನೋಡಲು ಏನೂ ಇಲ್ಲ. ಒಬ್ಬ ಹುಡುಗ ಕಂಪ್ಯೂಟರಿನ ಮುಂದೆ ಕುಳಿತಿದ್ದಾನೆ, ಅಷ್ಟೆ. ಅವರು ಹಿಡಿದದ್ದು ಎಫ್‌ಎಲ್ ಸ್ಟುಡಿಯೊ ಎಂಬ ತಂತ್ರಾಂಶ. ಬೆಲ್ಜಿಯಂನ ಇಮೇಜ್-ಲೈನ್ ಕಂಪನಿ 1990ರ ದಶಕದ ಕೊನೆಯಲ್ಲಿ ‘ಫ್ರೂಟಿ ಲೂಪ್ಸ್’ ಎಂಬ ಹೆಸರಿನಲ್ಲಿ ಇದನ್ನು ತಂದಾಗ, ವೃತ್ತಿನಿರತರು ಇದನ್ನು ಮಕ್ಕಳ ಆಟಿಕೆಯೆಂದೇ ಬಗೆದಿದ್ದರು. ನಿಮ್ಮ ಮಗನೂ ಇದನ್ನೇ ಬಳಸುತ್ತಿದ್ದರೆ ಆಶ್ಚರ್ಯವಿಲ್ಲ. ಒಮ್ಮೆ ಅವನ ಪಕ್ಕದಲ್ಲಿ ಕುಳಿತು ನೋಡಿ. ಪರದೆಯ ಮೇಲೆ ಒಂದೊಂದು ವಾದ್ಯಕ್ಕೂ ಒಂದೊಂದು ಸಾಲು, ಸಾಲಿಗೆ 16 ಪುಟ್ಟ ಗುಂಡಿಗಳು. ಕಿಕ್ ಡ್ರಮ್ಮಿನ ಸಾಲಿನಲ್ಲಿ 1, 5, 9 ಮತ್ತು 13ನೇ ಗುಂಡಿಗಳನ್ನು ಒತ್ತಿ ಪ್ಲೇ ಕೊಟ್ಟರೆ ಡ್ಯಾನ್ಸ್ ಮ್ಯೂಸಿಕ್‌ನ ‘ಡುಮ್ ಡುಮ್ ಡುಮ್ ಡುಮ್’ ನಿಮ್ಮ ಮುಂದೆ ಸಿದ್ಧ. ಚಪ್ಪಾಳೆಯ ಸದ್ದನ್ನು 5 ಮತ್ತು 13ಕ್ಕೆ ಇಡಿ, ತಾಳದ ತಟ್ಟೆಯಂಥ ಹೈ-ಹ್ಯಾಟನ್ನು 3, 7, 11, 15ಕ್ಕೆ ಇಡಿ. ಇನ್ನು ಕಾಲು ತಾನಾಗಿ ಕುಣಿಯುತ್ತದೆ. ಇಷ್ಟಕ್ಕೆ ಐದು ನಿಮಿಷ ಸಾಕು. ಎಂಟು ವರ್ಷದ ಮಗು ಕೂಡ ಮಾಡಬಲ್ಲದು. ಕಷ್ಟವಿರುವುದು ಇದರ ಮುಂದೆ: ಆ ‘ಡುಮ್’ ಎಷ್ಟು ದಪ್ಪ ಇರಬೇಕು, ಎಷ್ಟು ಬೇಗ ಅಡಗಬೇಕು, ಅದು ಬಡಿಯುವ ಕ್ಷಣದಲ್ಲಿ ಬೇಸ್ ಎಂಬ ಕೆಳಸ್ವರ ಎಷ್ಟು ಬಾಗಿ ದಾರಿ ಬಿಡಬೇಕು ಎಂಬುದನ್ನು ಕಿವಿ ಕಲಿಯಬೇಕು. ಕಿವಿ ಇದನ್ನು ಪಾಠದಿಂದ ಕಲಿಯುವುದಿಲ್ಲ, ಸಾವಿರಾರು ಸಲ ತಪ್ಪಿ ಕಲಿಯುತ್ತದೆ. ಮೃದಂಗಕ್ಕೆ ಕರಣೆ ಹಾಕುವವರು ಎಷ್ಟು ಹಾಕಬೇಕೆಂಬುದನ್ನು ಅಳೆದು ಕಲಿಯುವುದಿಲ್ಲವಲ್ಲ, ಹಾಗೆಯೇ ಇದೂ.

ಈಗ ಶಾಲೆಯ ಮಾತು. ಗ್ಯಾರಿಕ್ಸ್ ಓದಿದ್ದು ಉಟ್ರೆಕ್ಟ್ ನಗರದ ಹರ್ಮನ್ ಬ್ರೋಡ್ ಅಕಾಡೆಮಿಯಲ್ಲಿ; 2013ರಲ್ಲಿ ಅಲ್ಲಿಂದ ಪದವಿ ಪಡೆದರು. ಡಚ್ ರಾಕ್ ಗಾಯಕನೊಬ್ಬನ ಹೆಸರು ಹೊತ್ತ ಈ ಸಂಸ್ಥೆ ಅಲ್ಲಿನ ಮಾಧ್ಯಮಿಕ ವೃತ್ತಿಶಿಕ್ಷಣ ವ್ಯವಸ್ಥೆಯ ಭಾಗ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಐಟಿಐಗೋ ಡಿಪ್ಲೊಮಾಕ್ಕೋ ಸೇರುವಂತೆ, ಅಲ್ಲಿ ಹದಿನಾರರ ಆಸುಪಾಸಿನ ಮಕ್ಕಳು ಬಡಗಿ ಕೆಲಸ, ಶುಶ್ರೂಷೆ, ಅಡುಗೆ ಕಲಿಯುವ ವ್ಯವಸ್ಥೆಯ ಒಳಗೇ ಪಾಪ್ ಸಂಗೀತ ಮತ್ತು ಧ್ವನಿಮುದ್ರಣದ ಕಸುಬನ್ನೂ ಕಲಿಯಬಹುದು. ಗೆಳೆಯ ಜೂಲಿಯನ್ ಜೋರ್ಡನ್ ಕೂಡ ಅದೇ ಶಾಲೆಯವರು. ಇಬ್ಬರೂ ಸೇರಿ 2012ರಲ್ಲೇ ಒಂದು ಟ್ರ್ಯಾಕ್ ಹೊರತಂದಿದ್ದರು. ಹೀಗೆ ‘ಅನಿಮಲ್ಸ್’ಗೆ ಮೊದಲೇ ಗ್ಯಾರಿಕ್ಸ್ ಹೆಸರಿನಲ್ಲಿ ಹಲವು ಟ್ರ್ಯಾಕ್‌ಗಳು ಬಂದು ಹೋಗಿದ್ದವು. ಅವುಗಳನ್ನು ಇಂದು ಹುಡುಕಿ ಕೇಳುವವರು ಕಡಿಮೆ. ಆದರೆ ಅವು ಇಲ್ಲದಿದ್ದರೆ ಇದೂ ಇರುತ್ತಿರಲಿಲ್ಲ.

ನಾನು ಇದನ್ನು ಒತ್ತಿ ಹೇಳಲು ಕಾರಣವಿದೆ. ‘ಲ್ಯಾಪ್‌ಟಾಪ್ ಒಂದಿದ್ದರೆ ಸಾಕು’ ಎಂಬ ಮಾತು ನಮ್ಮ ಮಕ್ಕಳಿಗೆ ತುಂಬ ನೋವು ಕೊಟ್ಟಿದೆ. ಲ್ಯಾಪ್‌ಟಾಪ್ ಶಿವಮೊಗ್ಗದಲ್ಲೂ ಇದೆ, ಆಮ್‌ಸ್ಟೆಲ್‌ವೇನ್‌ನಲ್ಲೂ ಇದೆ. ಆಮ್‌ಸ್ಟೆಲ್‌ವೇನ್‌ನ ಮನೆಯಿಂದ ಹೊರಗೆ ಕಾಲಿಟ್ಟರೆ ಏನಿತ್ತು ಎಂಬುದನ್ನು ನೋಡಬೇಕು. ನೆದರ್ಲೆಂಡ್ಸ್‌ನ ಜನಸಂಖ್ಯೆ ಕರ್ನಾಟಕದ ಸುಮಾರು ಕಾಲು ಭಾಗ. ಅಷ್ಟು ಚಿಕ್ಕ ದೇಶ ಈ ಸಂಗೀತದಲ್ಲಿ ಗ್ಯಾರಿಕ್ಸ್ ಹುಟ್ಟುವ ಮೊದಲೇ ಬೇರು ಬಿಟ್ಟಿತ್ತು. 1980ರ ದಶಕದ ಕೊನೆಗೆ ಆಮ್ಸ್ಟರ್‌ಡ್ಯಾಮಿನ ಕ್ಲಬ್‌ಗಳಲ್ಲಿ ಹೌಸ್ ಸಂಗೀತ ಮೊಳಗಿತು. ಬಂದರಿನ ನಗರ ರಾಟರ್‌ಡ್ಯಾಮಿನ ಯುವಕರು ಅದನ್ನು ಇನ್ನಷ್ಟು ವೇಗಗೊಳಿಸಿ, ಒರಟುಗೊಳಿಸಿ ‘ಗ್ಯಾಬರ್’ ಎಂಬ ತಮ್ಮದೇ ಪ್ರಕಾರ ಕಟ್ಟಿದರು. ಗ್ಯಾರಿಕ್ಸ್ ಹುಟ್ಟಿದ 1996ರಲ್ಲೇ ಆಮ್ಸ್ಟರ್‌ಡ್ಯಾಮ್ ಡ್ಯಾನ್ಸ್ ಈವೆಂಟ್ ಎಂಬ ವಾರ್ಷಿಕ ಸಮಾವೇಶ ಆರಂಭವಾಯಿತು. ಪ್ರತಿ ಅಕ್ಟೋಬರ್‌ನಲ್ಲಿ ಜಗತ್ತಿನ ಡಿಜೆಗಳು, ಹಾಡುಗಳನ್ನು ಹೊರತರುವ ಕಂಪನಿಗಳವರು, ಅಂದರೆ ಲೇಬಲ್‌ನವರು, ಉತ್ಸವ ನಡೆಸುವವರು ಅಲ್ಲಿ ಸೇರಿ ಹಗಲಲ್ಲಿ ವ್ಯವಹಾರ ಮಾತನಾಡುತ್ತಾರೆ, ರಾತ್ರಿ ನಗರದ ತುಂಬ ಸಂಗೀತ ನಡೆಯುತ್ತದೆ. 1999ರಲ್ಲಿ ಸ್ಪಿನ್ನಿನ್ ರೆಕಾರ್ಡ್ಸ್, 2003ರಲ್ಲಿ ಆರ್ಮಿನ್ ವಾನ್ ಬ್ಯೂರೆನ್ ಎಂಬ ಡಿಜೆಯೂ ಪಾಲುದಾರರಾಗಿದ್ದ ಆರ್ಮಾಡಾ ಎಂಬ ಲೇಬಲ್‌ಗಳು ಹುಟ್ಟಿದವು. ‘ಡಿಜೆ ಮ್ಯಾಗ್’ ಪತ್ರಿಕೆ ಓದುಗರ ಮತ ಎಣಿಸಿ ಪ್ರತಿವರ್ಷ ಪ್ರಕಟಿಸುವ ನೂರು ಡಿಜೆಗಳ ಪಟ್ಟಿಯಲ್ಲಿ 2002ರಿಂದ 2004ರವರೆಗೆ ಟಿಯೆಸ್ಟೊ, 2007ರಿಂದ 2010ರವರೆಗೆ ಮತ್ತು 2012ರಲ್ಲಿ ಆರ್ಮಿನ್, 2013 ಮತ್ತು 2014ರಲ್ಲಿ ಹಾರ್ಡ್‌ವೆಲ್ ಮೊದಲಿಗರು. ಮೂವರೂ ಡಚ್ಚರು. ಟಿಯೆಸ್ಟೊ, ಹಾರ್ಡ್‌ವೆಲ್ ಇಬ್ಬರೂ ಬ್ರೇಡಾ ಎಂಬ ಒಂದೇ ಊರಿನವರು. ನಮ್ಮಲ್ಲಿ ಧಾರವಾಡದ ಸುತ್ತ ಹಿಂದೂಸ್ತಾನಿ ಗಾಯಕರು ಸಾಲುಸಾಲಾಗಿ ಬಂದದ್ದನ್ನು ಬಲ್ಲವರಿಗೆ ಇದು ಅರ್ಥವಾಗದ ವಿಷಯವೇನಲ್ಲ. ಒಂದು ಕಡೆ ಗುರು, ಕೇಳುಗ, ಆಶ್ರಯ ಮೂರೂ ಒಟ್ಟಾದರೆ ಅಲ್ಲಿ ಪ್ರತಿಭೆ ಹಾದಿ ಹುಡುಕಿಕೊಂಡು ಅಲೆಯಬೇಕಾಗುವುದಿಲ್ಲ.

ಇನ್ನು ಆ ಟ್ರ್ಯಾಕ್‌ನ ವಿಷಯ. ನನ್ನ ಬಳಿ ಧ್ವನಿ ಸಂಯೋಜನೆ ಕಲಿಯಲು ಬರುವವರಿಗೆ ನಾನು ಮೊದಲ ತಿಂಗಳಲ್ಲಿ ಕೊಡುವ ಅಭ್ಯಾಸವೊಂದಿದೆ: ‘ಅನಿಮಲ್ಸ್’ ಕೇಳಿ, ಅದರ ಡ್ರಾಪ್‌ನಲ್ಲಿ, ಅಂದರೆ ಜನ ಕಾಯುತ್ತಿದ್ದ ಹೊಡೆತ ಬಂದು ಬೀಳುವ ಭಾಗದಲ್ಲಿ, ಒಟ್ಟಿಗೆ ಎಷ್ಟು ಸದ್ದುಗಳಿವೆ ಎಂದು ಬರೆದುಕೊಂಡು ಬನ್ನಿ. ಹೆಚ್ಚಿನವರು ಹತ್ತು, ಹನ್ನೆರಡು ಎಂದು ಬರೆಯುತ್ತಾರೆ. ಎರಡನೇ ಸಲ ಕಣ್ಣು ಮುಚ್ಚಿ ಕೇಳಿಸಿದಾಗ ಸಂಖ್ಯೆ ಇಳಿಯುತ್ತದೆ. ಮೂರನೇ ಸಲಕ್ಕೆ ಮುಖ್ಯವಾದ ಸದ್ದುಗಳನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದೆಂದು ಅವರಿಗೇ ಗೊತ್ತಾಗುತ್ತದೆ: ಎದೆಗೆ ಬಡಿಯುವ ಕಿಕ್, ಅದರ ಬಾಲದಂತೆ ಎಳೆದುಕೊಳ್ಳುವ ಕೆಳಸ್ವರ, ಟೊಳ್ಳು ಮರದ ಮೇಲೆ ಕೋಲಿನಿಂದ ಕುಟ್ಟಿದಂತಹ ಒಂದು ಚಿಕ್ಕ ಸ್ವರಪಂಕ್ತಿ, ಮತ್ತೆ ಅಲ್ಲೊಂದು ಇಲ್ಲೊಂದು ಚೂರು. ರಾಗವೂ ಅದೇ, ತಾಳವೂ ಅದೇ ಎಂಬಷ್ಟು ಆ ಕುಟ್ಟಿದ ಸದ್ದು ಎರಡರ ಕೆಲಸವನ್ನೂ ಮಾಡುತ್ತದೆ.

ಹೀಗೇಕೆ ಬರಿದು ಮಾಡಬೇಕು? ನಲವತ್ತು, ಐವತ್ತು ಸಾವಿರ ಜನ ಸೇರುವ ಬಯಲಿನಲ್ಲೋ ಕ್ರೀಡಾಂಗಣದಲ್ಲೋ ಸದ್ದು ಗೋಡೆಗೆ, ಮೇಲ್ಛಾವಣಿಗೆ ಬಡಿದು ತಡವಾಗಿ ಹಿಂತಿರುಗುತ್ತದೆ. ಅಲ್ಲಿ ಹತ್ತು ವಾದ್ಯಗಳ ದಟ್ಟ ಸಂಯೋಜನೆ ನುಡಿಸಿದರೆ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಚಿಕ್ಕ, ಚೂಪಾದ, ನಡುವೆ ಜಾಗವಿರುವ ಸದ್ದು ಮಾತ್ರ ಕೊನೆಯ ಸಾಲಿನವರೆಗೆ ಸ್ಪಷ್ಟವಾಗಿ ತಲುಪುತ್ತದೆ. ಆಗ ಈ ಬಗೆಯ ಸಂಗೀತವನ್ನು ‘ಬಿಗ್ ರೂಮ್’ ಎಂದು ಕರೆಯುತ್ತಿದ್ದದ್ದೂ ಇದಕ್ಕೇ. ವೇಗ ನಿಮಿಷಕ್ಕೆ 128 ಬೀಟ್. ನಾಲ್ಕು ಬೀಟಿಗೆ ಒಂದು ಬಾರ್ ಎಂದರೆ 16 ಬಾರ್‌ಗಳಿಗೆ ಸರಿಯಾಗಿ 30 ಸೆಕೆಂಡು ಹಿಡಿಯುತ್ತದೆ. ಆದಿತಾಳ ಹಾಕಿ ರೂಢಿಯಿರುವವರು ಕೈಯಲ್ಲಿ ಎಣಿಸಿದರೆ ಅದು ಎಂಟು ಆವರ್ತ. ಈ ಸಂಗೀತದಲ್ಲಿ ಏರಿಕೆ, ಇಳಿಕೆ, ನಿಲುಗಡೆ ಬಹುಮಟ್ಟಿಗೆ ಇಂಥ ಅಳತೆಗಳ ಮೇಲೆಯೇ ಬೀಳುತ್ತವೆ. ಕುಣಿಯುವವನಿಗೆ ಎಣಿಕೆ ಗೊತ್ತಿಲ್ಲ, ಆದರೆ ಅವನ ಮೈಗೆ ಗೊತ್ತು. ಡ್ರಾಪ್ ಯಾವಾಗ ಬರುತ್ತದೆಂದು ಮೈ ಕಾಯುತ್ತಿರುತ್ತದೆ. ‘ಅನಿಮಲ್ಸ್’ ಮಾಡಿದ್ದೇನೆಂದರೆ, ಆ ಕಾಯುವಿಕೆಯನ್ನು ಬಿಗಿಯಾಗಿ ಎಳೆದು, ಮುಂದೊಂದು ಭಾರಿ ಸ್ವರಸಮೂಹ ಬಂದೀತೆಂದು ನಂಬಿಸಿ, ಒಂದು ಗಂಡುದನಿಯ ಒಂದೇ ಸಾಲಿನ ಮಾತು ಆಡಿಸಿ, ಆಮೇಲೆ ಆ ಬರಿದಾದ ಕುಟ್ಟು ಸದ್ದನ್ನು ಮುಂದಿಟ್ಟದ್ದು. ಇದು ಸಂಗೀತವೇ ಅಲ್ಲ ಎಂದು ಆಗಲೂ ಹಲವರು ಹೇಳಿದರು, ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತೆಗೆದುಹಾಕುವುದು ತುಂಬುವುದಕ್ಕಿಂತ ಕಷ್ಟ. 17ನೇ ವಯಸ್ಸಿನ ಹುಡುಗನಿಗೆ ಏನನ್ನು ಬಿಡಬೇಕೆಂದು ತಿಳಿದಿತ್ತು ಎನ್ನುವುದೇ ನನಗೆ ಈ ಕಥೆಯಲ್ಲಿ ನಿಜವಾಗಿ ಬೆರಗು ಹುಟ್ಟಿಸುವ ಸಂಗತಿ.

ಹಾಡು ಚೆನ್ನಾಗಿತ್ತು, ಆದರೆ ಅದನ್ನು ಜನರ ಮುಂದಿಟ್ಟ ರೀತಿಯೂ ಕಡಿಮೆಯದಲ್ಲ. ಸ್ಪಿನ್ನಿನ್ ರೆಕಾರ್ಡ್ಸ್ ಅದನ್ನು ಮೊದಲು ಕೇಳಿಸಿದ್ದು ಮಾಡಿದವರ ಹೆಸರು ಹೇಳದೆ. ಇದು ಯಾವ ದೊಡ್ಡ ಡಿಜೆಯದಿರಬಹುದೆಂದು ಕೇಳುಗರು ಊಹೆಯ ಮೇಲೆ ಊಹೆ ಮಾಡಿದರು. ಕೊನೆಗೆ ಹೊರಬಂದ ಹೆಸರು ಹೆಚ್ಚಿನವರು ಕೇಳಿಯೇ ಇರದ ಒಬ್ಬ ಶಾಲಾ ಹುಡುಗನದು. ಡಿಜೆಗಳು ಟ್ರ್ಯಾಕ್ ಕೊಳ್ಳುವ ಬೀಟ್‌ಪೋರ್ಟ್ ಮಳಿಗೆಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಅಷ್ಟು ಚಿಕ್ಕ ವಯಸ್ಸಿನವರು ಅಲ್ಲಿಗೆ ಹಿಂದೆ ಏರಿರಲಿಲ್ಲ. ಯೂಟ್ಯೂಬಿನಲ್ಲಿ ಆ ವಿಡಿಯೊ ನೂರು ಕೋಟಿಗೂ ಹೆಚ್ಚು ಸಲ ವೀಕ್ಷಣೆಯಾಗಿದೆ. ಹೆಸರಿಲ್ಲದೆ ಹೊರಬಂದದ್ದರಿಂದ ಇನ್ನೊಂದು ಉಪಕಾರವೂ ಆಯಿತು: ‘ಹುಡುಗ ಮಾಡಿದ್ದಾನೆ’ ಎಂಬ ರಿಯಾಯಿತಿಯಿಲ್ಲದೆ, ತಾತ್ಸಾರವೂ ಇಲ್ಲದೆ, ಜನ ಮೊದಲು ಸದ್ದನ್ನು ಕೇಳಿದರು. ಅಮೆರಿಕದಲ್ಲಿ ಆ ವರ್ಷಗಳಲ್ಲಿ ಈ ಸಂಗೀತದ ಅಲೆ ಎದ್ದಿತ್ತು. ಗಾಯಕ ಜಸ್ಟಿನ್ ಬೀಬರ್ ಅವರ ಆಗಿನ ಮ್ಯಾನೇಜರ್ ಸ್ಕೂಟರ್ ಬ್ರೌನ್ 2013ರಲ್ಲೇ ಗ್ಯಾರಿಕ್ಸ್ ಅವರ ಹೊಣೆ ವಹಿಸಿಕೊಂಡರು. 2014ರ ಮಾರ್ಚ್‌ನಲ್ಲಿ ಮಯಾಮಿಯ ಅಲ್ಟ್ರಾ ಉತ್ಸವದ ಮುಖ್ಯ ವೇದಿಕೆಯಲ್ಲಿ ನುಡಿಸುವಾಗ ಅವರಿಗೆ ಇನ್ನೂ 18 ತುಂಬಿರಲಿಲ್ಲ. 2015ರಲ್ಲಿ ಟಿಯೆಸ್ಟೊ ಜೊತೆಗೇ ಒಂದು ಟ್ರ್ಯಾಕ್ ಹೊರತಂದರು.

ನಿಮ್ಮ ಮಗ ಓದಬೇಕಾದ ಅಧ್ಯಾಯ ಇಲ್ಲಿಂದ ಆರಂಭ. ಗ್ಯಾರಿಕ್ಸ್ ಸ್ಪಿನ್ನಿನ್ ಜೊತೆ ಒಪ್ಪಂದ ಮಾಡಿಕೊಂಡದ್ದು 2012ರಲ್ಲಿ. ಆಗ ಅವರ ವಯಸ್ಸು 16. ಲೇಬಲ್ ಒಂದು ಕಡೆ, ಅವರ ವ್ಯವಹಾರ ನೋಡಿಕೊಳ್ಳುವ ಮ್ಯೂಸಿಕ್ ಆಲ್‌ಸ್ಟಾರ್ಸ್ ಎಂಬ ಮ್ಯಾನೇಜ್‌ಮೆಂಟ್ ಕಂಪನಿ ಇನ್ನೊಂದು ಕಡೆ. ಎರಡರ ಹಿಂದೆಯೂ ಇದ್ದವರು ಸ್ಪಿನ್ನಿನ್‌ನ ಸಂಸ್ಥಾಪಕರಲ್ಲಿ ಒಬ್ಬರಾದ ಏಲ್ಕೊ ವಾನ್ ಕೋಟನ್. ಮ್ಯಾನೇಜರ್ ಎಂಬವನು ಕಲಾವಿದನ ಪರವಾಗಿ ಲೇಬಲ್‌ನೊಂದಿಗೆ ಚೌಕಾಸಿ ಮಾಡಬೇಕಾದವನು. ಆ ಎರಡೂ ಕುರ್ಚಿಗಳ ಹಿಂದೆ ಒಬ್ಬರೇ ಇದ್ದರೆ ಚೌಕಾಸಿ ಯಾರೊಡನೆ ಯಾರು ಮಾಡುತ್ತಾರೆ? 2015ರ ಆಗಸ್ಟ್‌ನಲ್ಲಿ ಗ್ಯಾರಿಕ್ಸ್ ಎರಡನ್ನೂ ತೊರೆಯುವುದಾಗಿ ಸಾರಿದರು. ತಮ್ಮ ಸಂಗೀತದ ಹಕ್ಕು ತಮ್ಮದಾಗಬೇಕು ಎಂಬುದು ಅವರ ಮುಖ್ಯ ಬೇಡಿಕೆ. ತಮಗೆ ಸರಿಯಾದ ಮಾಹಿತಿ ಕೊಡದೆ ಸಹಿ ಹಾಕಿಸಿಕೊಳ್ಳಲಾಯಿತು ಎಂಬುದು ಅವರ ಆರೋಪ. ಕಂಪನಿ ಆ ಆರೋಪವನ್ನು ಒಪ್ಪಲಿಲ್ಲ. ಪ್ರಕರಣ ನ್ಯಾಯಾಲಯಕ್ಕೆ ಹೋಗಿ 2017ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ತೀರ್ಪು ಬಂದಾಗ, ಗ್ಯಾರಿಕ್ಸ್ ಒಪ್ಪಂದದಿಂದ ಹೊರಬಂದದ್ದು ಸಿಂಧುವೆಂದು ನ್ಯಾಯಾಲಯ ಹೇಳಿತು. ವ್ಯಾಜ್ಯ ಅಲ್ಲಿಗೆ ಮುಗಿಯದೆ ಮೇಲ್ಮನವಿಗೂ ಹೋಯಿತು. ಅದೇ ತಿಂಗಳಲ್ಲಿ ಸ್ಪಿನ್ನಿನ್ ಲೇಬಲನ್ನು ವಾರ್ನರ್ ಮ್ಯೂಸಿಕ್ ಕೊಂಡುಕೊಂಡಿತು. ಒಂದು ಲೇಬಲ್‌ಗೆ ಬೆಲೆ ಬರುವುದು ಅದರ ಬಳಿಯಿರುವ ಧ್ವನಿಮುದ್ರಿಕೆಗಳ ಹಕ್ಕಿನಿಂದ ಎಂಬುದನ್ನು ಇಲ್ಲಿ ಮರೆಯಬಾರದು.

ಆ ಹಕ್ಕಿನ ತಿರುಳನ್ನು ಬಿಡಿಸಿ ಹೇಳಬೇಕು. ಒಂದು ಟ್ರ್ಯಾಕ್‌ನಲ್ಲಿ ಎರಡು ಆಸ್ತಿಗಳಿರುತ್ತವೆ. ಸ್ವರ ಸಂಯೋಜನೆ ಒಂದು. ಆ ಸಂಯೋಜನೆಯನ್ನು ಮುದ್ರಿಸಿದ ಧ್ವನಿಮುದ್ರಿಕೆ, ಅಂದರೆ ಈ ಕಸುಬಿನವರು ‘ಮಾಸ್ಟರ್’ ಎನ್ನುವುದು, ಇನ್ನೊಂದು. ಹಿಂದೆ ಲೇಬಲ್‌ಗಳು ಸ್ಟುಡಿಯೊ ಬಾಡಿಗೆ, ವಾದ್ಯಗಾರರ ಸಂಭಾವನೆ, ಟೇಪು, ಇಂಜಿನಿಯರು ಎಲ್ಲದಕ್ಕೂ ಹಣ ಹಾಕುತ್ತಿದ್ದವು. ಆದ್ದರಿಂದ ಮಾಸ್ಟರ್ ತಮ್ಮದು ಎನ್ನುತ್ತಿದ್ದವು. ಹುಡುಗನೊಬ್ಬ ತನ್ನ ಕೋಣೆಯಲ್ಲಿ, ತನ್ನದೇ ಕಂಪ್ಯೂಟರಿನಲ್ಲಿ, ಕೊನೆಯ ಮಿಕ್ಸ್‌ವರೆಗೆ ಎಲ್ಲವನ್ನೂ ತಾನೇ ಮಾಡಿ ಮುಗಿಸಿದಾಗ ಆ ವಾದದ ಬುಡವೇ ಅಲುಗುತ್ತದೆ. ಗ್ಯಾರಿಕ್ಸ್ ಪ್ರಕರಣದ ಮಧ್ಯದಲ್ಲಿದ್ದದ್ದು ಈ ಪ್ರಶ್ನೆ. ಲ್ಯಾಪ್‌ಟಾಪ್ ಅವರಿಗೆ ಹಾಡನ್ನು ಮಾತ್ರವಲ್ಲ, ಈ ವಾದವನ್ನೂ ಕೊಟ್ಟಿತು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. 2016ರ ಮಾರ್ಚ್‌ನಲ್ಲಿ ಅವರು ‘ಸ್ಟ್ಯಾಂಪ್ಡ್’ ಎಂದು ಓದುವ, ಸ್ವರಾಕ್ಷರಗಳಿಲ್ಲದೆ ಬರೆಯುವ ಹೆಸರಿನ ಸ್ವಂತ ಲೇಬಲ್ ತೆರೆದರು. ಜುಲೈಯಲ್ಲಿ ಸೋನಿ ಮ್ಯೂಸಿಕ್ ಜೊತೆ ಹೊಸ ಒಪ್ಪಂದ ಮಾಡಿಕೊಂಡರು. ಅದೇ ತಿಂಗಳು ಗಾಯಕಿ ಬೀಬಿ ರೆಕ್ಸಾ ಜೊತೆ ಬಂದ ‘ಇನ್ ದಿ ನೇಮ್ ಆಫ್ ಲವ್’ ಅವರ ದಾರಿಯನ್ನೇ ತಿರುಗಿಸಿತು. ಅದು ಬಿಗ್ ರೂಮ್ ಅಲ್ಲ, ಸಾವಧಾನದ ಒಂದು ಹಾಡು. ಅದರ ಮೊದಲ ಸದ್ದೇ ಗಿಟಾರ್, ಎಂಟನೇ ವಯಸ್ಸಿನಲ್ಲಿ ಕೈಗೆ ಬಂದ ವಾದ್ಯ. 2013ರಲ್ಲಿ ‘ಅನಿಮಲ್ಸ್’ನಂತೆಯೇ ಕುಟ್ಟುವ ನೂರಾರು ಟ್ರ್ಯಾಕ್‌ಗಳು ಬಂದಿದ್ದವು. ಅವುಗಳನ್ನೇ ಮಾಡುತ್ತ ಉಳಿದವರಲ್ಲಿ ಹೆಚ್ಚಿನವರ ಹೆಸರು ಇಂದು ಕೇಳಿಬರುವುದಿಲ್ಲ. 2016ರ ಅಕ್ಟೋಬರ್‌ನಲ್ಲಿ ಗ್ಯಾರಿಕ್ಸ್ ಏಳು ದಿನಗಳಲ್ಲಿ ದಿನಕ್ಕೊಂದರಂತೆ ಏಳು ಟ್ರ್ಯಾಕ್ ಬಿಡುಗಡೆ ಮಾಡಿದರು. ಅದೇ ಹೊತ್ತಿಗೆ ಪ್ರಕಟವಾದ ಡಿಜೆ ಮ್ಯಾಗ್ ಪಟ್ಟಿಯಲ್ಲಿ ಮೊದಲಿಗರಾದಾಗ ಅವರಿಗೆ 20 ವರ್ಷ. ಆ ಸ್ಥಾನಕ್ಕೆ ಬಂದ ಅತಿ ಕಿರಿಯರು. 2017, 2018ರಲ್ಲೂ, ಮತ್ತೆ 2022 ಮತ್ತು 2024ರಲ್ಲೂ ಅವರೇ. ಅದು ಅಭಿಮಾನಿಗಳ ಮತದಿಂದ ಆಗುವ ಪಟ್ಟಿ, ಸಂಗೀತದ ಗುಣವನ್ನು ಅಳೆಯುವ ಕೋಲಲ್ಲ. ಅದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಬೇರೆ ಬೇರೆ ಮನೋಧರ್ಮದ ಸಂಗೀತಕ್ಕಾಗಿ ಅವರು ಬೇರೆ ಹೆಸರುಗಳನ್ನಿಟ್ಟುಕೊಂಡದ್ದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅವುಗಳಲ್ಲೊಂದು ‘ಯ್‌ಟ್ರಾಮ್’, ಬಾಲ್ಯದಲ್ಲಿ ಇಟ್ಟುಕೊಂಡಿದ್ದ ‘ಡಿಜೆ ಮಾರ್ಟಿ’ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿಸಿದರೆ ಸಿಗುವ ಹೆಸರದು. 2025ರ ಹೋಳಿಯಂದು ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನುಡಿಸಿದರು, ಅರಿಜಿತ್ ಸಿಂಗ್ ಜೊತೆಗೂ ಹಾಡು ಹೊರತಂದರು. ನಿಮ್ಮ ಮಗನಿಗೆ ಇದೆಲ್ಲ ಗೊತ್ತೇ ಇರುತ್ತದೆ.

ಒಂದು ಮಾತನ್ನು ತಾಯಿಯಾದ ನಿಮಗೆ ಹೇಳಲೇಬೇಕು. ಇದೇ ಬೆಳಕಿನಲ್ಲಿ ಬಂದ ಸ್ವೀಡನ್ನಿನ ಅವೀಚಿ ಎಂಬ ಅಪ್ರತಿಮ ಸಂಗೀತಗಾರ ನಿರಂತರ ಪ್ರವಾಸ, ನಿದ್ದೆಯಿಲ್ಲದ ರಾತ್ರಿಗಳಿಂದ ಬಳಲಿ 2016ರಲ್ಲಿ ವೇದಿಕೆ ಬಿಟ್ಟರು. 2018ರ ಏಪ್ರಿಲ್‌ನಲ್ಲಿ ಮಸ್ಕತ್‌ನಲ್ಲಿ ತೀರಿಕೊಂಡಾಗ ಅವರಿಗೆ 28 ವರ್ಷ. ಚಿಕ್ಕ ವಯಸ್ಸಿನ ಗೆಲುವು ಒಳ್ಳೆಯದೋ ಕೆಟ್ಟದ್ದೋ ಎಂಬ ತರ್ಕಕ್ಕೆ ನಾನು ಹೋಗುವುದಿಲ್ಲ. ಆದರೆ ಆ ವಯಸ್ಸಿನಲ್ಲಿ ‘ಈ ವಾರ ಆಗುವುದಿಲ್ಲ’ ಎಂದು ಹೇಳಬಲ್ಲ ಒಬ್ಬ ಹಿರಿಯರು ಪಕ್ಕದಲ್ಲಿರಬೇಕು.

ನಿಮ್ಮ ಕರಡಿಗೆ ಬರೋಣ. ನಮ್ಮ ಕಾನೂನಿನಲ್ಲಿ 18 ತುಂಬದವರು ಮಾಡಿಕೊಂಡ ಒಪ್ಪಂದ ಊರ್ಜಿತವಲ್ಲ. ಆದ್ದರಿಂದ ಕಂಪನಿಯವರು ಪೋಷಕರ ಸಹಿ ಕೇಳುತ್ತಾರೆ. ಅಲ್ಲಿ ಸಹಿ ಮಾಡುವ ಕೈ ನಿಮ್ಮದು. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆ ಭಾವಿಸುತ್ತದೆ. ಅದಕ್ಕೇ ಕಂಪನಿಗಳು ‘ಶಾಶ್ವತವಾಗಿ’, ‘ವಿಶ್ವದಾದ್ಯಂತ’ ಎಂಬ ಎರಡು ಪದಗಳನ್ನು ಮರೆಯದೆ ಬರೆಯುತ್ತವೆ. ಕರಡಿನಲ್ಲಿ ಮೊದಲು ಅವುಗಳನ್ನು ಹುಡುಕಿ. ನನ್ನಲ್ಲಿ ಕಲಿತ ಒಬ್ಬ ಯುವಕ ಆ ಎರಡು ಪದಗಳನ್ನು ಗಮನಿಸದೆ ಸಹಿ ಹಾಕಿ, ಈಗ ತನ್ನದೇ ಟ್ರ್ಯಾಕನ್ನು ತನ್ನ ಚಾನೆಲ್‌ನಲ್ಲಿ ಹಾಕಲಾಗದೆ ಕುಳಿತಿದ್ದಾನೆ. ಸಂಯೋಜಕನ ರಾಯಧನದ ಪಾಲನ್ನು ಬಿಟ್ಟುಕೊಡಿಸುವ ಷರತ್ತು 2012ರ ತಿದ್ದುಪಡಿಯ ನಂತರ ನಿಲ್ಲುವುದಿಲ್ಲ. ಆದರೆ ಮಾಸ್ಟರ್ ಬರೆದುಕೊಟ್ಟರೆ ಅದು ಹೋದಂತೆಯೇ. ‘ಹಕ್ಕು ವರ್ಗಾವಣೆ’ ಎಂದಿರುವಲ್ಲಿ ‘ಮೂರು ವರ್ಷದ ಪರವಾನಗಿ’ ಎಂದು ಬದಲಿಸಲು ಸಾಧ್ಯವೇ ಎಂದು ಕೇಳಿ. ಮುಂದೆ ಮಾಡುವ ಟ್ರ್ಯಾಕ್‌ಗಳೂ ಅವರಿಗೇ ಸೇರಬೇಕೆಂಬ ವಾಕ್ಯವಿದ್ದರೆ ಹೊಡೆದುಹಾಕಿಸಿ. ಲೇಬಲ್‌ನವರೇ ಮ್ಯಾನೇಜರ್ ಕೂಡ ಆಗುತ್ತೇವೆ ಎಂದರೆ ಬೇಡವೆನ್ನಿ. ಕೃತಿಸ್ವಾಮ್ಯ ಬಲ್ಲ ವಕೀಲರೊಬ್ಬರಿಗೆ ಒಂದು ಗಂಟೆಯ ಶುಲ್ಕ ಕೊಟ್ಟು ಓದಿಸಿ. ಅದು ಒಂದು ಒಳ್ಳೆಯ ಹೆಡ್‌ಫೋನಿಗಿಂತ ದುಬಾರಿಯಾಗಲಾರದು.

ಓದು ನಿಲ್ಲಿಸುವ ಮಾತಿಗೆ ಗ್ಯಾರಿಕ್ಸ್ ಸಾಕ್ಷಿ ಹೇಳುವುದಿಲ್ಲ; ಅವರು ‘ಅನಿಮಲ್ಸ್’ ಬಂದ ವರ್ಷವೇ ಓದು ಮುಗಿಸಿದವರು. ಪರೀಕ್ಷೆ ಮುಗಿಯುವವರೆಗೆ ಕಾಲಾವಕಾಶ ಬೇಕೆಂದು ಕಂಪನಿಗೆ ಬರೆಯಿರಿ. ನಿಜವಾಗಿ ಆ ಟ್ರ್ಯಾಕ್‌ಗಳು ಬೇಕಿದ್ದವರು ಕಾಯುತ್ತಾರೆ. ಅಷ್ಟರಲ್ಲಿ ಇವತ್ತೇ ಮಾಡಬಹುದಾದ ಕೆಲಸವೊಂದಿದೆ: ಆ ಮೂರು ಟ್ರ್ಯಾಕ್‌ಗಳ ಪ್ರಾಜೆಕ್ಟ್ ಫೈಲುಗಳನ್ನು, ಹಳೆಯ ಅರೆಬರೆ ಆವೃತ್ತಿಗಳನ್ನೂ ಸೇರಿಸಿ, ಅವುಗಳ ದಿನಾಂಕ ಅಳಿಯದಂತೆ ಒಂದು ಹೊರ ಹಾರ್ಡ್ ಡಿಸ್ಕಿಗೆ ನಕಲು ಮಾಡಿಸಿ, ನಿಮ್ಮ ಬೀರುವಿನಲ್ಲಿಡಿ. ಆ ಸದ್ದುಗಳನ್ನು ಮಾಡಿದವನು ನಿಮ್ಮ ಮಗನೇ ಎಂಬುದಕ್ಕೆ ಮುಂದೊಂದು ದಿನ ಪುರಾವೆ ಬೇಕಾದರೆ, ಅದು ಆ ಫೈಲುಗಳಲ್ಲಿರುತ್ತದೆ.